ಚುಕ್ಕಿಯ ಬಲಗಡೆಯ ಅಂಕಿ

ಎಣ್ಣೆ ಹಡಗಿನ ಹೊಟ್ಟೆಯೊಳಗೆ ಇಂಜಿನ್ನು ಕಾಯುತ್ತಿರುವ ನನ್ನ ಕಿಡಿಗೆ, ಒಣ ನೆಲದ ಮೇಲಿಂದ ನಿನ್ನಜ್ಜಿ ಬರೆಯುವುದೇನೆಂದರೆ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಮೊದಲು ಬರೆಯಬೇಕು. ಹಾಗಂತ ಮೂರನೇ ಕ್ಲಾಸಿನ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದರು. ಇವತ್ತು ಹಾಗೆ ಬರೆಯುವುದಿಲ್ಲ. ನಂಬುವುದೇನು ಬಂತು, ನೀನು ಕ್ಷೇಮ ಎಂದು ಬೆಳಿಗ್ಗೆ ಆರೂ ಹತ್ತಕ್ಕೆ ನನಗೆ ಗೊತ್ತಾಗಿಹೋಗಿದೆ. ನಿಮ್ಮನ್ನು ಬಿಟ್ಟಿದ್ದಾರೆ. ನಿನ್ನ ಹಡಗು ಹೊರಟಿದೆ. ಯಾರೂ ಹೇಳಲಿಲ್ಲ, ಫೋನೂ ಬರಲಿಲ್ಲ. ರೇಡಿಯೋದವನು ಇನ್ನೂ "ಮಾತುಕತೆ ಮುಂದುವರಿದಿದೆ" ಎಂದು ನಿದ್ದೆಗಣ್ಣಲ್ಲಿ ಓದುತ್ತಿದ್ದಾನೆ. ನನಗೆ ಹೇಳಿದ್ದು ಪೆಟ್ರೋಲ್ ಬಂಕಿನ ನನ್ನ ಬೋರ್ಡು.

ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂಕಿನ ಅಂಗಳವನ್ನು ಎರಡು ಸಲ ಗುಡಿಸಿದೆ. ಒಂದು ಕಾರಿನ ಚಕ್ರಕ್ಕೆ ಗಾಳಿ ಹಾಕುತ್ತಾ ಹಾಕುತ್ತಾ ಎಲ್ಲೋ ನೋಡಿಕೊಂಡು ನಿಂತುಬಿಟ್ಟೆ. ಕಾರಿನವನು ಓಡಿಬಂದು "ಅಜ್ಜಿ, ಅದು ಬಲೂನಲ್ಲ, ನಾನು ಇದರ ಮೇಲೆ ಕೂತು ಮನೆಗೆ ಹೋಗ್ಬೇಕು" ಎಂದ. ಬೇರೆ ದಿನವಾಗಿದ್ದರೆ ಅವನಿಗೂ ಅವನ ಕಾರಿಗೂ ಸೇರಿಸಿ ನಾಲ್ಕು ಬೈದು ಕಳಿಸುತ್ತಿದ್ದೆ. ಇವತ್ತು ನಕ್ಕುಬಿಟ್ಟೆ. ಅವನೇ ಹೆದರಿ ಹೋದ.

ಮಾತು ನಾಲಗೆಯ ತುದಿಯಲ್ಲಿ ಕುಣಿಯುತ್ತಿದೆ, ಆದರೆ ಯಾರಿಗೂ ಹೇಳುವ ಹಾಗಿಲ್ಲ. ಯಾಕೆ ಹೇಳುವ ಹಾಗಿಲ್ಲ ಎಂಬುದು ನಿನ್ನಜ್ಜಿಯ ಮೂರ್ಖತನದ ಕಥೆ, ಮುಂದೆ ಬರುತ್ತದೆ. ಅದಕ್ಕೇ ಬಂಕಿನ ಹಿಂದಿನ ಉಗ್ರಾಣದಲ್ಲಿ, ಇಂಜಿನ್ ಆಯಿಲಿನ ಡಬ್ಬಗಳ ನಡುವೆ ಕೂತು, ಹಳೆಯ ದರದ ಹಾಳೆಗಳ ಬೆನ್ನ ಮೇಲೆ ನಿನಗೆ ಬರೆಯುತ್ತಿದ್ದೇನೆ. ನಿನ್ನ ಹಡಗು ದಡ ಮುಟ್ಟಿದಾಗ ಕೈಗೆ ಕೊಡಿ ಎಂದು ಬಂದರಿನ ಆಫೀಸಿಗೆ ಕಳಿಸುತ್ತೇನೆ. ಹಾಳೆಗೆ ಎಣ್ಣೆ ಮೆತ್ತಿದ್ದರೆ ಮೂಗು ಮುರಿಯಬೇಡ, ನಿನ್ನ ಕೈಯೇನೂ ಗಂಧ ತೇಯುತ್ತಿಲ್ಲ.

ನೀನು ಆರು ವರ್ಷದವಳಿದ್ದೆ. ನನ್ನ ಮಗ, ನಿಮ್ಮಪ್ಪ, ತೀರಿಕೊಂಡು ವರ್ಷ ತುಂಬಿರಲಿಲ್ಲ. ನಿಮ್ಮಮ್ಮ ಎದುರು ರಸ್ತೆಯ ಹೊಲಿಗೆ ಅಂಗಡಿಯಲ್ಲಿ ಯಂತ್ರದ ಮುಂದೆ ಕೂತರೆ ಸಂಜೆಯೇ ಏಳುತ್ತಿದ್ದಳು. ಹಾಗಾಗಿ ಬೆಳಿಗ್ಗೆ ನಿನ್ನನ್ನು ನಾನೇ ಬಂಕಿಗೆ ಕರೆತರುತ್ತಿದ್ದೆ. ಒಂದು ಕಡೆ ಕೂರುವ ಮಗುವಲ್ಲ ನೀನು, ಮುಟ್ಟಬೇಡ ಎಂದದ್ದನ್ನೇ ಹುಡುಕಿಕೊಂಡು ಹೋಗಿ ಮುಟ್ಟುತ್ತಿದ್ದೆ. ಅದಕ್ಕೆ ಕಿಡಿ ಎಂದು ಕರೆದೆ. ಮ್ಯಾನೇಜರು ಬೆಚ್ಚಿಬಿದ್ದು, "ಪೆಟ್ರೋಲ್ ಬಂಕಲ್ಲಿ ನಿಂತು ಕಿಡಿ ಕಿಡಿ ಅಂತ ಕೂಗ್ತೀರಲ್ಲ ಅಜ್ಜಿ, ಗಿರಾಕಿಗಳು ಗಾಡಿ ಬಿಟ್ಟು ಓಡ್ತಾರೆ" ಎಂದರು. ಯಾರೂ ಓಡಲಿಲ್ಲ, ಹೆಸರು ಉಳಿಯಿತು.

ನಮ್ಮ ಕೆಲಸ ನಿನಗೆ ಗೊತ್ತೇ ಇದೆ, ಆದರೂ ಬರೆಯುತ್ತೇನೆ, ಬರೆಯುವುದಕ್ಕೆ ಖುಷಿಯಾಗುತ್ತಿದೆ. ದಿನಾ ಬೆಳಿಗ್ಗೆ ಆರಕ್ಕೆ ಕಂಪನಿಯಿಂದ ಆ ದಿನದ ದರ ಬರುತ್ತದೆ. ಮ್ಯಾನೇಜರು ಅದನ್ನು ಚೀಟಿಯಲ್ಲಿ ಬರೆದು ನನಗೆ ಕೊಡುತ್ತಾರೆ. ನಾನು ಕೊಕ್ಕೆ ಕೋಲಿನಿಂದ ಬೋರ್ಡಿನ ಹಳೆಯ ಅಂಕಿಯ ತಗಡು ಇಳಿಸಿ ಹೊಸದನ್ನು ಮೊಳೆಗೆ ನೇತುಹಾಕುತ್ತೇನೆ. ಮೇಲೆ ಪೆಟ್ರೋಲು, ಕೆಳಗೆ ಡೀಸೆಲ್ಲು. ಎರಡು ಅಂಕಿ, ಒಂದು ಚುಕ್ಕಿ, ಮತ್ತೆ ಎರಡು ಅಂಕಿ. ಚುಕ್ಕಿಯನ್ನು ಮಾತ್ರ ಬಣ್ಣದಲ್ಲಿ ಬರೆದಿದ್ದಾರೆ, ಅದು ಏರುವುದೂ ಇಲ್ಲ ಇಳಿಯುವುದೂ ಇಲ್ಲ. ತಗಡುಗಳನ್ನು ಆರಿಸಿ ಎತ್ತಿಕೊಡುವುದು ನಿನ್ನ ಕೆಲಸವಾಗಿತ್ತು. ಒಂಬತ್ತು ಕಡಿಮೆ ಬಿದ್ದರೆ ಆರನ್ನು ತಲೆಕೆಳಗು ಮಾಡಿ ಹಾಕಬಹುದು ಎಂದು ಕಂಡುಹಿಡಿದವಳೇ ನೀನು. ಅದಕ್ಕಾಗಿ ಮ್ಯಾನೇಜರು ಆರರ ತಗಡಿಗೆಲ್ಲ ಎರಡೂ ತುದಿಗೆ ತೂತು ಕೊರೆಸಿದರು.

ಮತ್ತೆ ದಿನಾ ಒಂದೇ ಪ್ರಶ್ನೆ. "ಅಜ್ಜಿ, ಇವತ್ತು ಯಾಕೆ ಏರ್ತು?"

"ಮೇಲೆ ಕೂತೋರಿಗೆ ಬೆಳಗ್ಗೆ ಕಾಫಿ ಸಿಕ್ಕಿಲ್ಲ, ಅದಕ್ಕೆ."

"ನಿನ್ನೆ ಇಳಿದಿತ್ತಲ್ಲ?"

"ನಿನ್ನೆ ಸಿಕ್ಕಿತ್ತು."

ನೀನು ಅದನ್ನೇ ನಂಬಿಕೊಂಡು ಶಾಲೆಯಲ್ಲಿ ಹೇಳಿ ನಗೆಪಾಟಲಾಗಿ ಬಂದೆ. ಗೊತ್ತಿಲ್ಲ ಎನ್ನುವ ಒಂದು ಮಾತು ನನ್ನ ನಾಲಗೆಗೆ ಬರುತ್ತಿರಲಿಲ್ಲ ಕಣೇ. ಮೂವತ್ತು ವರ್ಷ ಅಂಕಿ ನೇತುಹಾಕಿದ್ದೇನೆ, ಅದು ಯಾಕೆ ಬದಲಾಗುತ್ತದೆ ಎಂದು ಒಂದು ದಿನವೂ ತಲೆ ಕೆಡಿಸಿಕೊಂಡಿರಲಿಲ್ಲ. ನೀನು ಮಾತ್ರ ಕೆಡಿಸಿಕೊಂಡೆ. ಇಂಜಿನ್ನು ಓದಿದೆ, ಹಡಗಿನ ಕೆಲಸ ಹಿಡಿದೆ, ಅದರಲ್ಲೂ ಎಣ್ಣೆ ಹೊರುವ ಹಡಗನ್ನೇ ಹುಡುಕಿಕೊಂಡೆ. ಹೊರಡುವ ದಿನ ಬಾಗಿಲಲ್ಲಿ ನಿಂತು, "ನೀನಂತೂ ಹೇಳಲಿಲ್ಲ, ಎಣ್ಣೆ ಬರೋ ದಾರಿನ ನಾನೇ ನೋಡ್ಕೊಂಡು ಬರ್ತೀನಿ ಅಜ್ಜಿ" ಎಂದು ನಕ್ಕೆ. ಅದಕ್ಕೆ ನಾನು ಹೇಳಿದ್ದು, "ಹೋಗು, ಇನ್ಮೇಲೆ ರೇಟು ಏರಿದ್ರೆ ಬೈಯೋದಕ್ಕೆ ಮನೇಲೇ ಒಬ್ಬಳು ಸಿಕ್ಕಳು." ಹುಷಾರಾಗಿ ಹೋಗಿ ಬಾ ಎನ್ನಲಿಲ್ಲ. ತಲೆ ಸವರಲಿಲ್ಲ. ನಿನ್ನ ಚೀಲ ಎತ್ತಿಕೊಟ್ಟೆ, ಅಷ್ಟೆ. ಈ ಇಪ್ಪತ್ತಾರು ದಿನ ಆ ಮಾತನ್ನು ಎಷ್ಟು ಸಲ ನುಂಗಿ ಎಷ್ಟು ಸಲ ಹೊರಗೆ ಹಾಕಿದ್ದೇನೋ, ದೇವರಿಗೇ ಗೊತ್ತು.

ಇಪ್ಪತ್ತಾರು ದಿನದ ಹಿಂದೆ ನಿನ್ನ ಕೊನೆಯ ಸಂದೇಶ ಬಂತು. ನಿಮ್ಮಮ್ಮ ಓದಿ ಹೇಳಿದಳು. "ಸಮುದ್ರ ಇಕ್ಕಟ್ಟಾಗೋ ಜಾಗಕ್ಕೆ ಬಂದಿದ್ದೀವಿ. ಎರಡೂ ದಡದವರ ಜಗಳ, ಯಾರನ್ನೂ ದಾಟೋದಕ್ಕೆ ಬಿಡ್ತಿಲ್ಲ. ನಲವತ್ತು ಹಡಗು ಸಾಲಾಗಿ ನಿಂತಿವೆ. ಬಿಡೋವರೆಗೆ ಫೋನು ಇರಲ್ಲ. ಅಜ್ಜಿಗೆ ಹೆದರಬೇಡ ಅನ್ನು." ಮಾರನೆಯ ಬೆಳಿಗ್ಗೆ ಮ್ಯಾನೇಜರು ಕೊಟ್ಟ ಚೀಟಿಯಲ್ಲಿ ಅಂಕಿ ಏರಿತ್ತು. ಅದರ ಮಾರನೆಯ ದಿನವೂ ಏರಿತು. ಮೂರನೆಯ ದಿನ ನನಗೆ ತಡೆಯಲಿಲ್ಲ. ಟ್ಯಾಂಕರಿನ ಮೀಸೆಯನ್ನು ಹಿಡಿದೆ.

ಮೀಸೆ ನಿನಗೆ ನೆನಪಿರಬೇಕು, ಡಿಪೋದಿಂದ ನಮಗೆ ಎಣ್ಣೆ ತರುವ ಟ್ಯಾಂಕರಿನ ಡ್ರೈವರು. ಈಗ ಮೀಸೆ ಬೆಳ್ಳಗಾಗಿದೆ, ಗತ್ತು ಮಾತ್ರ ಕರ್ರಗೇ ಇದೆ. ನೆಲದಡಿಯ ಟ್ಯಾಂಕಿಗೆ ಪೈಪು ಹಾಕಿದ ಮೇಲೆ ಎಣ್ಣೆ ಪೂರ್ತಿ ಇಳಿಯುವವರೆಗೆ ಅವನು ಅಲ್ಲಿಂದ ಅಲ್ಲಾಡುವ ಹಾಗಿಲ್ಲ, ನಿಯಮ. ಅಲ್ಲಾಡಲಾಗದ ಗಂಡಸು ಸಿಕ್ಕರೆ ನಾನು ಬಿಡುತ್ತೇನೆಯೇ? ಸ್ಟೂಲು ಹಾಕಿಕೊಂಡು ಎದುರಿಗೆ ಕೂತೆ.

"ಏನೋ ಮೀಸೆ, ನೆಲದಡಿ ಇರೋದು ಮೊನ್ನೆ ನೀನೇ ತಂದು ಸುರಿದ ಎಣ್ಣೆ. ಅದಕ್ಕೆ ಇವತ್ತು ಯಾಕೋ ಹೊಸ ರೇಟು?"

"ಇದನ್ನ ಮಾರಿದ ದುಡ್ಡಲ್ಲೇ ನಾಳೆದು ಕೊಳ್ಳಬೇಕಲ್ಲ ಅಜ್ಜಿ. ನಾಳೆದು ತುಟ್ಟಿ ಅಂತ ಗೊತ್ತಾದ್ರೆ ಇವತ್ತಿಂದೇ ತುಟ್ಟಿ."

"ನಾಳೆದು ತುಟ್ಟಿ ಅಂತ ಯಾರು ಹೇಳಿದ್ರು?"

"ಹೆದರಿಕೆ ಹೇಳುತ್ತೆ. ಎಲ್ಲೋ ದೂರದ ಪೇಟೇಲಿ, ಜನ್ಮದಲ್ಲಿ ಒಂದು ಹನಿ ಎಣ್ಣೆ ಮುಟ್ಟದೋರು ಕೂತು ಬೆಲೆ ಕಟ್ತಾರೆ. ಇರೋ ಎಣ್ಣೆಗಲ್ಲ, ನಾಳೆ ಸಿಗುತ್ತೋ ಇಲ್ವೋ ಅನ್ನೋದಕ್ಕೆ. ನಿಮ್ಮ ಮೊಮ್ಮಗಳ ಹಡಗು ನಿಂತಿದೆ ನೋಡಿ, ಅದೇ ಸಾಕು. ಅದು ನಿಂತಷ್ಟು ದಿನ ಏರುತ್ತೆ. ಮೊದಲನೇ ಹಡಗು ಕದಲಿದ್ರೆ ಸಾಕು, ಇಳಿಯೋದಕ್ಕೆ ಶುರುವಾಗುತ್ತೆ. ರೇಡಿಯೋಗೆ ಗೊತ್ತಾಗೋದಕ್ಕೆ ಮೊದಲೇ ದುಡ್ಡು ಹಾಕಿದೋರಿಗೆ ಗೊತ್ತಾಗಿರುತ್ತೆ."

ಕಿಡಿ, ಆ ಮಾತು ಕೇಳಿ ಎದ್ದು ಹೋಗಿ ಬೋರ್ಡಿನ ಕೆಳಗೆ ನಿಂತೆ. ನನ್ನ ಬೋರ್ಡಿನ ತಗಡಿಗೂ ಸಮುದ್ರದ ನಡುವೆ ನಿಂತ ನಿನ್ನ ಹಡಗಿಗೂ ಒಂದು ದಾರ ಇದೆ. ನೀನು ಅಲ್ಲಿ ನಿಂತರೆ ಇಲ್ಲಿ ಎಳೆಯುತ್ತದೆ. ಫೋನು ಇಲ್ಲದಿದ್ದರೆ ಏನಂತೆ, ದಿನಾ ಬೆಳಿಗ್ಗೆ ಆರಕ್ಕೆ ನಿನ್ನಿಂದ ನಾಲ್ಕು ಅಂಕಿಯ ಕಾಗದ ಬರುತ್ತಿದೆ. ಜನರಿಗೆ ಅದು ರೇಟು, ನನಗೆ ನಿನ್ನ ನಾಡಿ.

ಆ ದಿನಗಳಲ್ಲಿ ಬೋರ್ಡಿನ ಕೆಳಗೆ ನಿಂತು ನಾನು ತಿಂದ ಬೈಗುಳ ಬರೆದರೆ ಈ ಹಾಳೆ ಸಾಲದು. ಸ್ಕೂಟರಿನ ಮೇಷ್ಟ್ರು, "ಅಜ್ಜಿ, ನಿಮ್ಮ ಕೋಲಿಗೆ ಕರುಣೆ ಇಲ್ವಾ" ಎಂದರು. "ಕೋಲಿಗೆ ಕರುಣೆ ಇದ್ದಿದ್ರೆ ನಿಮ್ಮ ಮಕ್ಕಳು ಯಾಕೆ ಶಾಲೆಗೆ ಅತ್ಕೊಂಡು ಬರ್ತಿದ್ರು" ಎಂದೆ. ತರಕಾರಿ ಗಾಡಿಯವಳು ಟೊಮೆಟೊ ಬೆಲೆ ಏರಿಸಿದಳು. ಯಾಕೆ ಎಂದರೆ ನನ್ನ ಬೋರ್ಡಿನ ಕಡೆಗೇ ಬೆರಳು ತೋರಿಸಿದಳು. ನಿಮ್ಮಮ್ಮನ ದಾರದ ಉಂಡೆ ತುಟ್ಟಿಯಾಯಿತು. ಬಸ್ಸಿನ ಟಿಕೆಟು ಏರಿತು. ಒಂದು ಹಡಗು ನಿಂತರೆ ಟೊಮೆಟೊ, ದಾರ, ಬಸ್ಸು ಎಲ್ಲವೂ ನಿಂತಲ್ಲೇ ಉಬ್ಬುತ್ತವೆ ಎಂದು ನಾನು ಅರವತ್ತೆಂಟನೆಯ ವಯಸ್ಸಿನಲ್ಲಿ ಕಲಿತೆ.

ಈಗ ಮೂರ್ಖತನದ ಕಥೆ.

ಹದಿನಾಲ್ಕನೆಯ ಬೆಳಿಗ್ಗೆ. ಬೋರ್ಡಿನಲ್ಲಿ ತೊಂಬತ್ತೇಳು ಚುಕ್ಕಿ ಮೂವತ್ತೆಂಟು ಇತ್ತು. ಚೀಟಿಯಲ್ಲಿ ತೊಂಬತ್ತೈದು ಚುಕ್ಕಿ ಮೂವತ್ತೆಂಟು ಎಂದು ಬರೆದಿತ್ತು. ಕೆಳಗೆ ಡೀಸೆಲ್ಲಿಗೂ ಎರಡು ಕಡಿಮೆ. ಏಳರ ತಗಡು ತೆಗೆದು ಐದನ್ನು ಹಾಕಿದೆ, ಡೀಸೆಲ್ಲಿಗೆ ಒಂದು ತಗಡು ಬದಲಿಸಿದೆ, ಕೋಲನ್ನು ಕೆಳಗಿಡುವುದನ್ನೂ ಮರೆತು ರಸ್ತೆ ದಾಟಿ ಓಡಿದೆ. ಎಂಟಡಿ ಕೋಲು ಹಿಡಿದು ಮುದುಕಿ ಓಡಿಬರುವುದನ್ನು ನೋಡಿ ಬಸ್ಸೇ ನಿಂತಿತು. ಹೊಲಿಗೆ ಅಂಗಡಿಯ ಬಾಗಿಲು ಆಗತಾನೆ ತೆಗೆಯುತ್ತಿದ್ದ ನಿಮ್ಮಮ್ಮನಿಗೆ, "ಬಿಟ್ರು ಕಣೇ, ನಮ್ಮ ಹುಡುಗೀನ ಬಿಟ್ರು" ಎಂದೆ. ಅವಳು ಬೀಗದ ಕೈ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತು ಅತ್ತಳು. ಆಮೇಲೆ ಎದ್ದು ಹೋಗಿ ಸಿಹಿ ತಂದು ಆ ಸಾಲಿನ ಅಂಗಡಿಗಳಿಗೆಲ್ಲ ಹಂಚಿದಳು. ನನ್ನ ಬಾಯಿಗೂ ಅವಳ ಕೈಯಾರೆ ಒಂದು ತುಂಡು ಹಾಕಿದಳು. ಇಷ್ಟು ವರ್ಷದಲ್ಲಿ ಅದೇ ಮೊದಲು.

ಮಧ್ಯಾಹ್ನ ಮೀಸೆ ಬಂದ. ಅವನಿಗೂ ಸಿಹಿ ಕೊಟ್ಟೆ. ಅವನು ಅದನ್ನು ಕೈಯಲ್ಲೇ ಹಿಡಿದುಕೊಂಡು ಬೋರ್ಡು ನೋಡಿದ, ನನ್ನ ಮುಖ ನೋಡಿದ. "ಅಜ್ಜಿ, ಇದು ಹಡಗು ಬಿಟ್ಟಿದ್ದಲ್ಲ. ಜನ ಕೂಗಾಡಿದ್ರಲ್ಲ, ಅದಕ್ಕೆ ಸರ್ಕಾರ ತೆರಿಗೆ ಎರಡು ಇಳಿಸ್ತು. ನಿನ್ನೆ ಸಂಜೆ ರೇಡಿಯೋದಲ್ಲಿ ಹೇಳಿದ್ರು. ಹಡಗು ನಿಂತಲ್ಲೇ ನಿಂತಿದೆ."

ನಾನು ಹಿಂದಿನ ಸಂಜೆ ರೇಡಿಯೋ ಹಾಕಿರಲಿಲ್ಲ. ಸೆಲ್ಲು ಮುಗಿದಿತ್ತು, ನಾಳೆ ತಂದರಾಯಿತು ಎಂದುಕೊಂಡಿದ್ದೆ. ರಸ್ತೆ ದಾಟಿ ನಿಮ್ಮಮ್ಮನಿಗೆ ಹೇಳಬೇಕಲ್ಲ, ಆ ಹತ್ತು ಹೆಜ್ಜೆಯನ್ನು ನಾನು ಹೇಗೆ ಹಾಕಿದೆನೋ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅರ್ಧ ಹೊಲಿದ ಅಂಗಿಯಿಂದ ತಲೆ ಎತ್ತದೆ, "ಅತ್ತೆ, ಇನ್ಮೇಲೆ ಬೋರ್ಡಿನ ಸುದ್ದಿ ನನಗೆ ಹೇಳಬೇಡಿ. ನನ್ನ ಕೈಲಿ ಇನ್ನೊಂದು ಸಲ ಆಗಲ್ಲ" ಎಂದಳು. ಆಯಿತು ಎಂದೆ. ಅವತ್ತಿನಿಂದ ಮನೆಯಲ್ಲಿ ನಮ್ಮಿಬ್ಬರ ಮಾತು "ಊಟ ಆಯ್ತಾ" "ಆಯ್ತು" ಎಂಬಷ್ಟಕ್ಕೆ ನಿಂತಿದೆ.

ಆದರೆ ನಿನ್ನಜ್ಜಿ ಸುಮ್ಮನೆ ಕೂರುವವಳಲ್ಲ. ಮೋಸ ಹೋದದ್ದು ಎಲ್ಲಿ ಎಂದು ತಿಳಿಯಬೇಕಿತ್ತು. ಮೀಸೆಯ ಮುಂದೆ ಮತ್ತೆ ಸ್ಟೂಲು ಹಾಕಿದೆ. ಒಂದು ಲೀಟರಿನಲ್ಲಿ ಯಾರ್ಯಾರ ಪಾಲು ಇದೆ ಎಂದು ಅವನು ಬಿಡಿಸಿ ಹೇಳಿದ. ಬಾವಿಯಿಂದ ಎತ್ತಿದ ಕಚ್ಚಾ ಎಣ್ಣೆಯದು ದೊಡ್ಡ ಪಾಲು. ಅದನ್ನು ಹೊತ್ತು ತರುವ ಹಡಗಿನದು, ಹಡಗಿನ ವಿಮೆಯದು, ಶುದ್ಧ ಮಾಡುವ ಕಾರ್ಖಾನೆಯದು, ಅವನ ಲಾರಿಯದು, ನಮ್ಮ ಬಂಕಿನದು. ಇಷ್ಟರ ಮೇಲೆ ಸರ್ಕಾರದ ತೆರಿಗೆ, ಎಲ್ಲರ ಮೇಲೂ ಹೊದಿಸಿದ ಕಂಬಳಿಯ ಹಾಗೆ. "ನನ್ನ ಪಾಲು ಎಲ್ಲೋ?" ಎಂದೆ. "ನೀವು ಕೋಲು ಎತ್ತೋದು ಬಿಟ್ಟಿ ಅಜ್ಜಿ" ಎಂದ, ಕತ್ತೆ. ಬಾವಿಯ ದೇಶಗಳು ಕೂಡಿ ಮಾತಾಡಿಕೊಂಡು ಕಡಿಮೆ ಎತ್ತಿದರೆ ಏರುತ್ತದಂತೆ. ಚಳಿ ದೇಶದಲ್ಲಿ ಚಳಿ ಜಾಸ್ತಿಯಾದರೆ ಅಲ್ಲಿಯವರು ಮನೆ ಬಿಸಿ ಮಾಡಿಕೊಳ್ಳುವುದಕ್ಕೆ ಎಣ್ಣೆ ಸುಡುತ್ತಾರೆ, ನಮಗೆ ಬೆವರು ಬರುತ್ತದೆ. ಕಾರ್ಖಾನೆ ರಿಪೇರಿಗೆ ನಿಂತರೂ ಏರುತ್ತದೆ. ನಮ್ಮ ದುಡ್ಡಿನ ಬೆಲೆ ಬಿದ್ದರೆ, ಪಾಪ, ಎಣ್ಣೆ ಏನೂ ಮಾಡದಿದ್ದರೂ ಏರುತ್ತದೆ.

ನೆನಪಿದೆಯಾ, ಆ ಕಾಯಿಲೆಯ ವರ್ಷ ರಸ್ತೆಯಲ್ಲಿ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಕೊಳ್ಳುವವರಿಲ್ಲದೆ ಕಚ್ಚಾ ಎಣ್ಣೆ ಮಣ್ಣಿನ ಬೆಲೆಗೆ ಬಂದಿತ್ತಂತೆ. ನಮ್ಮ ಬೋರ್ಡು ಮಾತ್ರ ಕದಲಿರಲಿಲ್ಲ. ಅಂಕಿಯ ಮೇಲೆ ಜೇಡ ಬಲೆ ಕಟ್ಟಿತ್ತು. ಯಾಕೆಂದು ಈಗ ತಿಳಿಯಿತು, ಕೆಳಗೆ ಎಣ್ಣೆ ಇಳಿದಷ್ಟು ಮೇಲೆ ಕಂಬಳಿ ದಪ್ಪವಾಗಿತ್ತು.

ಇದೆಲ್ಲ ಕೇಳಿಕೊಂಡು ನಾನು ಬೋರ್ಡಿನ ಕೆಳಗೆ ನಿಂತು ನನ್ನ ಕೈಯನ್ನೇ ಕೇಳಿದೆ. ಕೈಯೇ, ಆ ಹದಿನಾಲ್ಕನೆಯ ದಿನ ಸಾಲಿಗೆ ಎಷ್ಟು ತಗಡು ಬದಲಿಸಿದೆ? ಒಂದು. ಎಲ್ಲಿ? ಚುಕ್ಕಿಯ ಎಡಗಡೆ. ಬಲಗಡೆಯ ಮೂವತ್ತೆಂಟು ಹಾಗೇ ಕೂತಿತ್ತು. ಮೂವತ್ತು ವರ್ಷದ ಬೆಳಗುಗಳನ್ನು ಕಣ್ಣ ಮುಂದೆ ತಂದುಕೊಂಡೆ. ಸರ್ಕಾರ ಕೈ ಹಾಕಿದಾಗಲೆಲ್ಲ ಇಡಿಯಾದ ಅಂಕಿ, ಎಡಗಡೆ ಒಂದೇ ತಗಡು, ಕತ್ತರಿಯಿಂದ ಕತ್ತರಿಸಿದ ಹಾಗೆ. ಸಮುದ್ರ ಕೈ ಹಾಕಿದಾಗ ಹಾಗಲ್ಲ. ಅದಕ್ಕೆ ಇಡಿ ಅಂಕಿಯ ಹಂಗಿಲ್ಲ, ಚುಕ್ಕಿಯ ಬಲಗಡೆ ತಗಡು ಗಲಗಲ ಎನ್ನುತ್ತದೆ. ನನ್ನ ಕೈಗೆ ಇದು ಮೂವತ್ತು ವರ್ಷದಿಂದ ಗೊತ್ತಿತ್ತು, ಬಾಯಿಯೇ ಕೇಳಿರಲಿಲ್ಲ. ಮೀಸೆಗೆ ಹೇಳಿದೆ. ಅವನು ಹಣೆಗೆ ಕೈ ಹಚ್ಚಿ, "ಇಷ್ಟು ವರ್ಷ ಎಣ್ಣೆ ಹೊತ್ತೆ, ಇದು ನನಗೇ ಹೊಳೆದಿರಲಿಲ್ಲ" ಎಂದ. ಆ ಮಾತನ್ನು ಅವನ ಬಾಯಲ್ಲಿ ಎರಡು ಸಲ ಹೇಳಿಸಿದೆ.

ಆಮೇಲೆ ಹನ್ನೊಂದು ದಿನ ಏರಿತು. ಏರುವಾಗ ಮಂಗನ ಹಾಗೆ ಏರುತ್ತದೆ ಮುಂಡೇದು, ಇಳಿಯುವಾಗ ತುಂಬು ಬಸುರಿಯ ಹಾಗೆ ಒಂದೊಂದೇ ಮೆಟ್ಟಿಲು. ಐದು ದಿನದ ಹಿಂದೆ ತೊಂಬತ್ತೊಂಬತ್ತು ಮುಟ್ಟಿತು. ಒಂಬತ್ತು ಸಾಲದೆ ನಿನ್ನ ಆರನ್ನು ತಲೆಕೆಳಗಾಗಿ ನೇತುಹಾಕಿದೆ. ದಿನಾ ಅದನ್ನು ನೋಡಿ, ನನ್ನ ಮಗು ಅಲ್ಲಿ ಹೀಗೇ ನೇತಾಡುತ್ತಿದೆ ಎಂದುಕೊಳ್ಳುತ್ತಿದ್ದೆ.

ಇವತ್ತು ಬೆಳಿಗ್ಗೆ ಚೀಟಿ ಕೈಗೆ ಬಂತು. ನಿನ್ನೆ ತೊಂಬತ್ತೊಂಬತ್ತು ಚುಕ್ಕಿ ಅರವತ್ತನಾಲ್ಕು. ಇವತ್ತು ತೊಂಬತ್ತೆಂಟು ಚುಕ್ಕಿ ಎಪ್ಪತ್ತೊಂದು. ಕನ್ನಡಕ ಒರೆಸಿಕೊಂಡು ಓದಿದೆ. ಮ್ಯಾನೇಜರನ್ನು ಕೇಳಿದೆ, "ನಿನ್ನೆ ತೆರಿಗೆ ಏನಾದ್ರೂ ಇಳಿಸಿದ್ರಾ?" ಇಲ್ಲ ಎಂದರು. ರೇಡಿಯೋ ಕೇಳಿದೆ, ಹೊಸ ಸೆಲ್ಲು. ತೆರಿಗೆಯ ಮಾತೇ ಇಲ್ಲ. ಕೋಲು ಎತ್ತಿದೆ. ತಲೆಕೆಳಗಾದ ಆರನ್ನು ಇಳಿಸಿ ಎಂಟನ್ನು ಹಾಕಿದೆ. ಬಲಗಡೆಯ ಆರು ಇಳಿದು ಏಳು ಬಂತು. ನಾಲ್ಕು ಇಳಿದು ಒಂದು ಬಂತು. ಪೆಟ್ರೋಲಿನ ಸಾಲಿಗೇ ಮೂರು ತಗಡು, ಕಿಡಿ. ಬಲಗಡೆ ಎರಡೂ ಕದಲಿದವು. ಇಳಿಸಿದ ಆರನ್ನು ನೆಟ್ಟಗೆ ಹಿಡಿದುಕೊಂಡು ಬೋರ್ಡಿನ ಕೆಳಗೆ ಎಷ್ಟು ಹೊತ್ತು ನಿಂತಿದ್ದೆನೋ. ಎದುರಿನ ಹೊಲಿಗೆ ಅಂಗಡಿಯ ದೀಪ ಹತ್ತಿಕೊಂಡಿತು. ಹತ್ತೇ ಹೆಜ್ಜೆ. ಹೋಗಲಿಲ್ಲ. ಕಾಲನ್ನು ಹಿಡಿದು ನಿಲ್ಲಿಸಿದೆ. ಬೇರೆ ಏನೋ ಕಾರಣದಿಂದ ಇಳಿದಿದ್ದರೆ? ಕೈ ಸುಳ್ಳು ಹೇಳುವುದಿಲ್ಲ ಎಂದು ನನಗೆ ಗೊತ್ತು, ಆದರೆ ಅವಳ ಕಣ್ಣೀರಿನ ಮೇಲೆ ಇನ್ನೊಂದು ಸಲ ಪಣ ಇಡುವ ಹಕ್ಕು ನನಗಿಲ್ಲ. ಹಾಗಾಗಿ ಉಗ್ರಾಣಕ್ಕೆ ಬಂದು ಕೂತೆ, ನಿನಗೆ ಬರೆಯುತ್ತಿದ್ದೇನೆ.

ಇಲ್ಲಿಗೆ ಪೆನ್ನು ಇಟ್ಟಿದ್ದೆ. ಈಗ ಮಧ್ಯಾಹ್ನ ಮೂರು ಗಂಟೆ. ಮತ್ತೆ ಹಿಡಿದಿದ್ದೇನೆ, ಅಕ್ಷರ ಕುಣಿದರೆ ಕೈಯದೇ ತಪ್ಪು.

ಹೊರಗೆ ಟೈರಿನ ಕೀರಲು ಶಬ್ದ ಕೇಳಿ, ಹಾಳೆ ಹಿಡಿದುಕೊಂಡೇ ಅಂಗಳಕ್ಕೆ ಬಂದೆ. ನಿಮ್ಮಮ್ಮ ರಸ್ತೆ ದಾಟಿ ಓಡಿಬರುತ್ತಿದ್ದಳು. ಕೊರಳಲ್ಲಿ ಅಳತೆಯ ಟೇಪು, ಸೆರಗಿಗೆ ಚುಚ್ಚಿದ ಸೂಜಿ, ಹಿಂದೆ ಬಿಳಿ ದಾರ ಎಳೆದುಕೊಂಡು. "ಅತ್ತೆ" ಎಂದಳು, ಉಸಿರು ಸಿಗಲಿಲ್ಲ. ಮತ್ತೆ "ಅತ್ತೆ" ಎಂದಳು. "ಕಂಪನಿಯಿಂದ ಫೋನು. ಬಿಟ್ರಂತೆ. ನಿನ್ನೆ ಸಂಜೆಯಿಂದ ಒಂದೊಂದೇ ಹಡಗು ಬಿಡ್ತಿದ್ರಂತೆ, ನಮ್ಮದು ಬೆಳಗಿನ ಜಾವ ದಾಟಿತಂತೆ. ಎಲ್ಲರೂ ಚೆನ್ನಾಗಿದ್ದಾರಂತೆ."

ಕಿಡಿ, ನನ್ನ ಜನ್ಮದಲ್ಲಿ ಯಾರ ಬಾಯಿಂದಲೂ ಸುದ್ದಿ ಮೊದಲು ಬರುವುದಕ್ಕೆ ನಾನು ಬಿಟ್ಟವಳಲ್ಲ. ನನಗೆ ಬೆಳಿಗ್ಗೆ ಆರೂ ಹತ್ತಕ್ಕೇ ಗೊತ್ತಿತ್ತು ಎಂಬ ಮಾತು ಹಲ್ಲಿನ ಹಿಂದೆ ಸಜ್ಜಾಗಿ ನಿಂತಿತ್ತು. ಅದನ್ನು ನುಂಗಿದೆ. ಕಷ್ಟಪಟ್ಟು ನುಂಗಿದೆ. "ಹೌದಾ? ಇನ್ನೊಂದು ಸಲ ಹೇಳು" ಎಂದೆ. ಅವಳು ಇನ್ನೊಂದು ಸಲ ಹೇಳಿದಳು. "ಎಷ್ಟು ಹೊತ್ತಿಗೆ ದಾಟಿತಂತೆ?" ಎಂದೆ. ಮೂರನೆಯ ಸಲವೂ ಹೇಳಿದಳು, ಅಳುತ್ತಾ, ನಗುತ್ತಾ.

ಆಮೇಲೆ ಕಣ್ಣು ಒರೆಸಿಕೊಳ್ಳುತ್ತಾ ಮೇಲೆ ನೋಡಿದಳು. ಬೋರ್ಡನ್ನು ಎಡದಿಂದ ಬಲಕ್ಕೆ ಓದಿದಳು, ಕೊನೆಯ ಎರಡು ಅಂಕಿಯ ಹತ್ತಿರ ನಿಂತಳು. ನನ್ನ ಬೆರಳಿನ ಶಾಯಿ ನೋಡಿದಳು, ಕೈಯಲ್ಲಿದ್ದ ಹಾಳೆ ನೋಡಿದಳು. ಬಲಗಡೆಯ ಅಂಕಿಯ ಗುಟ್ಟನ್ನು ಮೀಸೆ ನಿಮ್ಮಮ್ಮನ ಅಂಗಡಿಯಲ್ಲೂ ಬಾಯಿ ಬಿಟ್ಟಿದ್ದಾನೆ ಎಂದು ಆಗ ತಿಳಿಯಿತು.

"ಬಲಗಡೇನೂ ಕದಲಿದೆ. ನಿಮಗೆ ಬೆಳಗ್ಗೇನೇ ಗೊತ್ತಿತ್ತಲ್ವಾ ಅತ್ತೆ?"

"ನನಗೇನು ಗೊತ್ತು, ಮೂರನೇ ಕ್ಲಾಸು ಓದಿದೋಳು" ಎಂದೆ.

ಅವಳು ಸೆರಗಿನ ಸೂಜಿ ಕಿತ್ತು ಟೇಪಿಗೆ ಚುಚ್ಚಿಕೊಂಡು, "ನಾಳೆ ಆರಕ್ಕೆ ನಾನೂ ಬರ್ತೀನಿ. ತಗಡು ನಾನು ಎತ್ತಿಕೊಡ್ತೀನಿ" ಎಂದಳು.

ನಿನ್ನ ಆರು ವರ್ಷದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ ಮಗಳೇ. ಏರಿದರೆ ಎಲ್ಲೋ ಯಾರದೋ ಮಗು ನೀರಿನ ಮೇಲೆ ನಿಂತಿರಬಹುದು, ಇಳಿದರೆ ಹೊರಟಿರಬಹುದು. ಉಳಿದದ್ದಕ್ಕೆಲ್ಲ ಈಗಲೂ ಕಾಫಿಯೇ ಕಾರಣ. ಮತ್ತೆ ಅವತ್ತು ಬಾಗಿಲಲ್ಲಿ ಹೇಳಬೇಕಾಗಿದ್ದನ್ನು ಇವತ್ತು ಬರೆಯುತ್ತೇನೆ: ಹುಷಾರಾಗಿ ಬಾ. ನಿನ್ನ ತಲೆ ಸವರುವುದು ನನ್ನ ಕೈಗೆ ಬಾಕಿ ಇದೆ.

ನಿನ್ನ ಇಂಜಿನ್ನು ತಣ್ಣಗಿರಲಿ, ನೀರು ನಿನಗೆ ದಾರಿ ಬಿಡಲಿ, ದಡ ನಿನಗೆ ಬೇಗ ಸಿಗಲಿ. ನಿನ್ನ ಆರನ್ನು ಮೊಳೆಗೆ ಹಾಕದೆ ಇವತ್ತು ರಾತ್ರಿಯಿಂದ ನನ್ನ ದಿಂಬಿನ ಕೆಳಗೆ ನೆಟ್ಟಗೆ ಇಟ್ಟುಕೊಳ್ಳುತ್ತೇನೆ, ಬಂದು ಕೇಳು, ಕೊಡುತ್ತೇನೆ.

ನಾಳೆ ಆರಕ್ಕೆ ಮತ್ತೆ ಕೋಲು ಹಿಡಿಯುವವಳು,
ನಿನ್ನಜ್ಜಿ